ಹಿಂದಿನ ಸೀಟಿನ ಎಡಗಡೆ

ಮಾರಾಟಕ್ಕಿದ್ದ ಹಳೆ ಗಾಡಿಯ ಮೀಟರಿನಲ್ಲಿ ಎರಡು ಲಕ್ಷದ ಎಪ್ಪತ್ತೊಂದು ಸಾವಿರ ಚಿಲ್ಲರೆ ಕಿಲೋಮೀಟರ್ ಎಂದಿತ್ತು. ಚಿಲ್ಲರೆ ಎಷ್ಟೆಂದು ಸೊಸೆ ನೋಡಲಿಲ್ಲ. ನಿದ್ದೆ ಕೆಡಲು ಅಷ್ಟೇ ಸಾಕಿತ್ತು. ಫೋನಿಗೆ ಬಂದಿದ್ದ ಆ ಮೀಟರಿನ ಫೋಟೋವನ್ನು ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟುಕೊಂಡು ವಾರವಿಡೀ ನೋಡಿದಳು. ಪ್ಯಾಂಟಿನ ಅಂಚು ಮಡಿಸುವಾಗ ನೋಡಿದಳು, ಕೋಟಿನ ಒಳಬಟ್ಟೆ ಬಿಚ್ಚುವಾಗ ನೋಡಿದಳು. ನೋಡಿದರೆ ಅಂಕಿ ಕಮ್ಮಿಯಾಗುತ್ತದೆಯೇ? ಆದರೂ ಜ್ವರದ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ಹಾಗೆ ಮತ್ತೆ ಮತ್ತೆ ನೋಡುತ್ತಿದ್ದಳು.

ಅವಳು ಹಳೆ ಬಟ್ಟೆ ಸರಿಮಾಡಿಕೊಡುವ ದರ್ಜಿ. ಹೊಸ ಬಟ್ಟೆ ಹೊಲಿಯುವವರು ಹೊರಗಿನಿಂದ ನೋಡುತ್ತಾರೆ, ಇವಳದು ಒಳಗು ಮಗುಚಿ ನೋಡುವ ಕಣ್ಣು. ಯಾವ ಅಂಗಿ ಎಲ್ಲಿ ಹರಿದಿತ್ತು, ಯಾರು ಅದನ್ನು ಮುಚ್ಚಿಹಾಕಿದ್ದಾರೆ ಎಂದು ಅವಳಿಗೆ ಹೇಳಬೇಕಿರಲಿಲ್ಲ. ಹೀಗಾಗಿ ಬಟ್ಟೆಯಿರಲಿ, ಮನುಷ್ಯರಿರಲಿ, ಸೀದಾ ನಂಬುವ ಜಾಯಮಾನ ಅವಳದಲ್ಲ.

ಗಾಡಿಯ ಹುಚ್ಚೂ ಅವಳಿಗಿರಲಿಲ್ಲ. ಇದ್ದದ್ದು ಒಂದು ಏರು. ಮನೆ ಊರಿನ ಮೇಲಿನ ದಿಣ್ಣೆಯಲ್ಲಿತ್ತು, ಡಾಂಬರು ರಸ್ತೆ ಕೆಳಗೇ ಮುಗಿಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಬರೀ ಮಣ್ಣು, ಒಂದು ಪಕ್ಕ ಚರಂಡಿ. ವಾರಕ್ಕೆ ಮೂರು ಸಲ ಮಾವನನ್ನು ಆ ದಾರಿಯಲ್ಲಿ ಇಳಿಸಿ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ಮತ್ತೆ ಹತ್ತಿಸಿ ತರಬೇಕು. ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಓಡಿಸುವವಳು ಇವಳೇ.

ಹೋದ ವಾರದ ಮಳೆಗೆ ಅವರ ಚಿಕ್ಕ ಕಾರು ಅರ್ಧ ಇಳಿಜಾರಿನಲ್ಲಿ ಮಾತು ಕೇಳಲಿಲ್ಲ. ಬ್ರೇಕ್ ಒತ್ತಿದರೂ ಅಡ್ಡಡ್ಡ ಜಾರಿ, ಚರಂಡಿಯ ಅಂಚಿನಲ್ಲಿ ಒಂದು ಚಕ್ರ ಗಾಳಿಯಲ್ಲಿಟ್ಟು ನಿಂತಿತು. ಹಿಂದೆ ಮಾವ. ಆವತ್ತಿನ ಡಯಾಲಿಸಿಸ್ ತಪ್ಪಿತು. ಮರುದಿನ ಸಂಜೆಗೆ ಮಾವನಿಗೆ ಮಲಗಿದರೆ ಉಸಿರು ಸಿಗದು. ಗೋಡೆಗೆ ಒರಗಿ ಕೂತು, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಪಕ್ಕದವರ ಟ್ರ್ಯಾಕ್ಟರಿನಲ್ಲಿ ಕೆಳಗಿಳಿಸಿದ್ದಾಯಿತು. ಇನ್ನೊಮ್ಮೆ ತಪ್ಪಿದರೆ ಏನಾಗುತ್ತದೆಂದು ನರ್ಸ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳ ಮುಖ ನೋಡಿದ ಮೇಲೆ ಸೊಸೆಗೆ ಕೇಳುವ ಧೈರ್ಯವೂ ಬರಲಿಲ್ಲ.

ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು. ಅವರ ಕೈಗೆಟುಕುವುದು ಸಿಕ್ಕಾಪಟ್ಟೆ ಓಡಿದ ಹಳೆಯದೇ. ಆದರೆ ಓಡಿ ಓಡಿ ಸವೆದ ಗಾಡಿ ನಡುದಾರಿಯಲ್ಲಿ ಮಾವನನ್ನು ಕೂರಿಸಿಕೊಂಡು ನಿಂತುಬಿಟ್ಟರೆ? ಮೊದಲೇ ನೋಡಿ ಬಂದಿದ್ದ ಮೆಕ್ಯಾನಿಕ್, "ಎಂಜಿನ್ ಚೆನ್ನಾಗೇ ಇದೆ. ಆದ್ರೆ ಇಷ್ಟು ಓಡಿದ ಮೇಲೆ ಗೇರ್ ಬಾಕ್ಸ್ ವಿಷಯ ಹೇಳೋಕಾಗಲ್ಲ. ನಾಳೆನೂ ಹೋಗ್ಬಹುದು, ಹತ್ತು ವರ್ಷನೂ ಬರ್ಬಹುದು" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟು ಕೈತೊಳೆದುಕೊಂಡ. ಗಂಡ ಅವನಿಗಿಂತ ಜಾಣ. "ಓಡಿಸೋಳು ನೀನು, ನೀನೇ ನೋಡಿ ಹೇಳು" ಅಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಮಾತಿನ ಸೀಟಿ ನಿಂತಿರಲಿಲ್ಲ. "ಮುಂದಿನ ಸ್ಟಾಪಿಗೆ ಇಳಿಯೋ ಪ್ಯಾಸೆಂಜರ್‌ಗೋಸ್ಕರ ಯಾರಾದ್ರೂ ಬೇರೆ ಬಸ್ ತರಿಸ್ತಾರೇನಮ್ಮ? ಸುಮ್ನಿರು" ಎನ್ನುತ್ತಿದ್ದರು. ಹೆಚ್ಚೆಂದರೆ ಇನ್ನೆರಡು ಮಳೆಗಾಲ ಎಂದು ಅವರೇ ತಮಗೆ ಟಿಕೆಟ್ ಹರಿದುಕೊಂಡಿದ್ದರು. ಡಾಕ್ಟರನ್ನು ಕೇಳಿರಲಿಲ್ಲ, ಕೇಳುವುದೂ ಇಲ್ಲ. ನಗುತ್ತಲೇ ಹೇಳುತ್ತಿದ್ದರು, ಸೊಸೆಗೆ ಮಾತ್ರ ಒಮ್ಮೆಯೂ ನಗು ಬರಲಿಲ್ಲ.

ಕೊನೆಗೆ, "ನೀವು ಹತ್ತೋಕಾಗುತ್ತಾ ಅಂತ ಆದ್ರೂ ನೋಡ್ಬೇಕಲ್ಲ ಮಾವ, ಬನ್ನಿ" ಎಂದು ಹೊರಡಿಸಿದಳು. ಹೊರಡುವ ಮುಂಚೆ ತುಂಬುತೋಳಿನ ಅಂಗಿ ತೊಡಿಸಿ ಗುಂಡಿ ಹಾಕಿದಳು. ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ್ದ ಎಡಗೈ ಹಗ್ಗದಂತೆ ಉಬ್ಬಿತ್ತು. ಅದು ಕಾಣಬಾರದು.

"ಆಸ್ಪತ್ರೆ ಸುದ್ದಿ ಎತ್ಬೇಡಿ. ನಮಗೆ ಅವಸರ ಇದೆ ಅಂತ ಗೊತ್ತಾದ್ರೆ ಗಾಡಿಯವರು ರೇಟಲ್ಲಿ ಪಟ್ಟು ಬಿಡಲ್ಲ."

"ಕಳ್ಳಸಾಗಣೆ ಮಾಡ್ತಿದೀಯ ಅನ್ನು ನನ್ನ" ಎಂದರು ಮಾವ.

ಗಾಡಿಯ ಯಜಮಾನರು ಡ್ರಾಯಿಂಗ್ ಮೇಷ್ಟ್ರು, ಒಂಟಿ ಜೀವ. ಕೆಳಗಿನ ಬೀದಿಯಲ್ಲಿ ಮನೆ, ಆ ಕಡೆ ಹೊರಟಿದ್ದ ಪಕ್ಕದವರ ಟ್ರ್ಯಾಕ್ಟರಿನಲ್ಲಿ ಮಾವ, ಸೊಸೆ ಅಲ್ಲಿಯವರೆಗೆ ಇಳಿದರು. ಮಾತು ಕಮ್ಮಿ. ಗಾಡಿ ತೊಳೆದು ನಿಲ್ಲಿಸಿದ್ದರು. ಎತ್ತರದ ಗಾಡಿ, ಬಾನೆಟ್ಟಿನ ಬಣ್ಣ ಅಲ್ಲಲ್ಲಿ ಮಾಸಿತ್ತು. ಸೊಸೆ ಸೀದಾ ಒಳಗೆ ತಲೆ ಹಾಕಿದಳು.

ಮುಂದಿನ ಸೀಟುಗಳು ಸವೆದಿದ್ದವು, ಸವೆಯಬೇಕಾದ ಹಾಗೆಯೇ. ಹಿಂದಿನ ಬಲಗಡೆ ಹೊಸದರಂತಿತ್ತು. ಎಡಗಡೆಗೆ ಬಂದಾಗ ಅವಳ ಕೈ ನಿಂತಿತು. ಅದೊಂದನ್ನೇ ಬಿಚ್ಚಿ, ಒಳಗೆ ಏನೋ ತುಂಬಿ ಎತ್ತರಿಸಿ, ಮತ್ತೆ ಕೈಯಲ್ಲಿ ಹೊಲಿದಿದ್ದರು. ದಪ್ಪ ದಾರ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಬಾಗಿಲ ಕಡೆಯ ಕೈಯೊರಗಿಗೂ ಅದೇ ದಾರದಲ್ಲಿ ಮೆತ್ತೆ ಹೊಲಿದಿತ್ತು. ಸೀಟ್ ಬೆಲ್ಟಿಗೂ ಬಟ್ಟೆಯ ಗವಸು. ಮೂಗು ಹತ್ತಿರ ಒಯ್ದರೆ ಡೆಟಾಲಿನ ವಾಸನೆ.

ನೀರಿನಲ್ಲಿ ಮುಳುಗಿದ ಗಾಡಿಯನ್ನು ಹೀಗೆಯೇ ಒಣಗಿಸಿ, ವಾಸನೆ ಹೊಡೆಸಿ ಮಾರುತ್ತಾರೆ ಎಂದು ಮೆಕ್ಯಾನಿಕ್ ಹೇಳಿದ್ದ. ನೀರು ಎಡಗಡೆಯಿಂದ ನುಗ್ಗಿರಬೇಕು. ಹಾಗಾದರೆ ವೈರು? ಎಂಜಿನ್ನು?

"ಇದೊಂದೇ ಸೀಟು ಯಾಕೆ ಬಿಚ್ಚಿಸಿದ್ರಿ ಮೇಷ್ಟ್ರೇ?"

"ಹಾಗೇ... ಹಳೇದಾಗಿತ್ತು" ಎಂದು ಅವರು ಮುಖ ಆ ಕಡೆ ತಿರುಗಿಸಿದರು.

ಮಾವ ಗಾಡಿಯ ಎತ್ತರ ನೋಡಿ ಹಿಂದೆಮುಂದೆ ನೋಡುತ್ತಿದ್ದರು. ಮೇಷ್ಟ್ರು ಡಿಕ್ಕಿಯಿಂದ ಒಂದು ಮರದ ಕಾಲುಮಣೆ ತಂದು, ಯಾರೂ ಕೇಳದೆಯೇ, ಹಿಂದಿನ ಎಡಬಾಗಿಲ ಕೆಳಗೆ ಇಟ್ಟು ಪಾದದಿಂದ ಒತ್ತಿ ಅಲುಗದಂತೆ ಮಾಡಿದರು. ಮಾವ ಸಲೀಸಾಗಿ ಹತ್ತಿ ಕೂತರು. ದಾರದ ಮೇಲೆ ಕಣ್ಣು ನೆಟ್ಟಿದ್ದ ಸೊಸೆ ಕಾಲುಮಣೆಯನ್ನು ಕಂಡೂ ಕಾಣಲಿಲ್ಲ.

ಏರಿನ ಬುಡದವರೆಗೆ ಅವಳೇ ಓಡಿಸಿದಳು. ಪಕ್ಕದಲ್ಲಿ ಮೇಷ್ಟ್ರು. ಹಿಂದಿನ ದಿನದ ಮಳೆಗೆ ಮಣ್ಣು ಇನ್ನೂ ಕೆಸರಾಗಿತ್ತು. ಅಲ್ಲಿ ನಿಲ್ಲಿಸಿದಳು. ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಅವಳಿಗೆ ಗೊತ್ತಿಲ್ಲ.

"ಈ ಗಾಡಿ ನೀರಲ್ಲಿ ಮುಳುಗಿತ್ತು, ಅಲ್ವಾ?"

"ಇಲ್ಲಮ್ಮ."

"ಮತ್ತೆ ಆ ಸೀಟು? ಡೆಟಾಲ್ ವಾಸನೆ? ನಾನು ದರ್ಜಿ, ನನ್ನ ಹತ್ರ ಹೊಲಿಗೆ ಮುಚ್ಚಿಡ್ಬೇಡಿ."

ಮೇಷ್ಟ್ರ ಕಿವಿ ಕೆಂಪಗಾಯಿತು. "ಏರು ಹತ್ತಿಸಿ ನೋಡಿ. ಬೇಡ ಅನ್ಸಿದ್ರೆ ಬಿಟ್ಬಿಡಿ. ಆ ಚಿಕ್ಕ ಲಿವರ್ ಹಿಂದಕ್ಕೆಳೀರಿ, ನಾಲ್ಕೂ ಚಕ್ರ ಎಳೆಯುತ್ತೆ" ಎಂದಷ್ಟೇ ಹೇಳಿದರು.

ಎಳೆದಳು. ಕೆಳಗೆಲ್ಲೋ ಕಟಕ್ ಎಂದಿತು. ಗೇರ್ ಬಾಕ್ಸೇ ಇರಬೇಕು, ಇವತ್ತೇ ಹೋಯಿತು ಎಂದುಕೊಂಡಳು. ಗಾಡಿ ಮಾತ್ರ ಕೆಸರನ್ನು ಕಚ್ಚಿಕೊಂಡು ನಿಧಾನವಾಗಿ ಹತ್ತತೊಡಗಿತು. ಹೋದ ವಾರ ಕಾರು ಜಾರಿದ ಗುರುತು ಚರಂಡಿಯ ಅಂಚಿನಲ್ಲಿ ಇನ್ನೂ ಹಾಗೆಯೇ ಇತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, ಅವಳ ಕಾಲು ಅವಳನ್ನು ಕೇಳದೆ ಬ್ರೇಕಿನ ಮೇಲೆ ಬಿತ್ತು. ಎಂಜಿನ್ ಗಕ್ಕೆಂದು ನಿಂತಿತು. ಗಾಡಿ ಗೇಣುದ್ದ ಹಿಂದಕ್ಕೆ ಜಾರಿತು. ಮಾವ ಗಾಬರಿಯಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಎಡಗೈಯಿಂದ ಹಿಡಿದು ಜೋತುಬಿದ್ದರು.

"ಆ ಕೈ ಬೇಡ!" ಮೇಷ್ಟ್ರು ಕೂಗಿದರು. "ಎಡಗೈ ಬಿಡಿ ಯಜಮಾನ್ರೇ, ಅದಕ್ಕೆ ಭಾರ ಬೀಳ್ಬಾರ್ದು! ಬಲಗೈಲಿ ನನ್ನ ಸೀಟು ಹಿಡ್ಕೊಳ್ಳಿ!" ಕೂಗುತ್ತಲೇ ಹ್ಯಾಂಡ್ ಬ್ರೇಕ್ ಎಳೆದರು. ಗಾಡಿ ನಿಂತಿತು.

ಸೊಸೆ ಸ್ಟಿಯರಿಂಗ್ ಹಿಡಿದಂತೆಯೇ ಮೇಷ್ಟ್ರ ಕಡೆ ತಿರುಗಿದಳು.

"ನಿಮಗೆ ಹೇಗೆ ಗೊತ್ತು?"

"ನೀವು ಗೇಟ್ ತೆಗೆದಾಗ್ಲೇ ಗೊತ್ತಾಯ್ತಮ್ಮ. ಇಷ್ಟು ಸೆಕೆಲಿ ತುಂಬುತೋಳು. ಆ ಕೈನ ಕಂಕುಳ ಮಗು ಥರ ಕಾಪಾಡ್ಕೊಂಡು ಬಂದ್ರು. ನನ್ನ ಮನೆಯವಳೂ ಹಾಗೇ ಹಿಡ್ಕೊತಿದ್ಲು." ಅವರು ಗಾಜಿನಾಚೆಯ ಕೆಸರು ನೋಡುತ್ತ ಹೇಳಿದರು. "ಅವಳಿಗೆ ಮೊಣಕೈ ಕೆಳಗೆ ಮೆತ್ತಗೆ ಬೇಕಿತ್ತು. ಬೆಲ್ಟ್ ಒತ್ತೋದು. ವಾಪಸ್ ಬರೋವಾಗ ಒಂದೊಂದ್ಸಲ ರಕ್ತ ಜಿನುಗೋದು, ಅದಕ್ಕೇ ಡೆಟಾಲ್. ಹೊಲಿದಿದ್ದು ನಾನೇ. ಕುಂಚ ಹಿಡಿದ ಕೈ, ಸೂಜಿ ಮಾತು ಕೇಳ್ಲಿಲ್ಲ."

"ಅದು ಗೊತ್ತಾಗುತ್ತೆ" ಎಂದುಬಿಟ್ಟಳು ಸೊಸೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

"ಮೊದಲು ಬಂದ ಇಬ್ಬರಿಗೆ ನಿಜ ಹೇಳ್ದೆ. ರೋಗಿ ಓಡಾಡಿದ ಗಾಡಿ ನಮಗ್ಬೇಡ ಅಂತ ನಿಂತ ಕಾಲಲ್ಲೇ ಹೋದ್ರು. ಬಾಯಿ ಮುಚ್ಕೊಂಡಿರಿ ಅಂತ ಬ್ರೋಕರ್ ಬೈದ. ಅದಕ್ಕೇ ಮುಚ್ಕೊಂಡಿದ್ದೆ. ನೀವೂ ಮುಚ್ಕೊಂಡೇ ಬಂದಿದ್ರಿ, ಕೇಳೋದು ಹೇಗೆ?"

ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಡೀ ಊರಿನಲ್ಲಿ ಈ ಗಾಡಿಯನ್ನು ಅದೇ ಕಾರಣಕ್ಕೆ ಬೇಕೆಂದು ಹುಡುಕಿಕೊಂಡು ಬಂದವರು ಇವರೊಬ್ಬರೇ, ಇವರೆದುರಿಗೇ ಆ ಮನುಷ್ಯ ಅದನ್ನು ಮುಚ್ಚಿಟ್ಟಿದ್ದರು. ಅವರನ್ನು ಕಳ್ಳನಂತೆ ವಿಚಾರಿಸಿದ ಇವಳು ಮಾಡಿದ್ದೂ ಅದನ್ನೇ.

ಹಿಂದಿನಿಂದ ಮಾವನ ದನಿ ಬಂತು. "ಮೇಷ್ಟ್ರೇ, ಎಷ್ಟು ವರ್ಷ?"

"ಗಾಡಿಗಾ?"

"ಗಾಡಿಗಲ್ಲ. ನಿಮ್ಮ ಮನೆಯವರು. ಎಷ್ಟು ವರ್ಷ ಹೋಗಿಬಂದ್ರು?"

"ಹನ್ನೊಂದು." ಮೇಷ್ಟ್ರು ಹಿಂದೆ ತಿರುಗಿದರು. "ಆಗ ಇಲ್ಲಿ ಆ ಮೆಷಿನ್ ಇರ್ಲಿಲ್ಲ, ದೊಡ್ಡಾಸ್ಪತ್ರೆಗೆ ಹೋಗ್ಬೇಕಿತ್ತು, ಬಹಳ ದೂರ. ಮೀಟರಲ್ಲಿ ಅರ್ಧಕ್ಕೆ ಹೆಚ್ಚು ಆ ದಾರಿದೇ. ಒಂದು ದಿನಾನೂ ತಪ್ಪಿಸ್ಲಿಲ್ಲ ಇದು."

ಡಾಕ್ಟರನ್ನು ಎಂದೂ ಕೇಳದ ಪ್ರಶ್ನೆಯನ್ನು ಮಾವ ಕೇಳಿದ್ದರು. ಕನ್ನಡಿಯಲ್ಲಿ ಅವರ ಮುಖ ನೋಡಲು ಸೊಸೆಗೆ ಭಯವಾಯಿತು. ಆದರೂ ನೋಡಿದಳು. ಅವರು ಬೆಲ್ಟಿನ ಗವಸನ್ನು ಬೆರಳಿನಿಂದ ಸವರುತ್ತಿದ್ದರು. ಹನ್ನೊಂದು ಎಂದು ತುಟಿ ಅಲುಗಿತು, ಸದ್ದು ಬರಲಿಲ್ಲ.

"ಆ ಮೀಟರ್ ಓದಮ್ಮ" ಎಂದರು.

"ಎರಡು ಲಕ್ಷದ ಎಪ್ಪತ್ತೊಂದು ಸಾವಿರ..."

"ಚಿಲ್ಲರೆ ಬಿಡ್ಬೇಡ. ಚಿಲ್ಲರೇನೂ ಓದು."

"ನಾನೂರ ಎಂಟು" ಎಂದಳು ಸೊಸೆ. ವಾರವೆಲ್ಲ ಅವಳ ಹೊಟ್ಟೆಗೆ ಬೆಂಕಿ ಇಟ್ಟಿದ್ದ ಅಂಕಿ ಅದು. ಅದರಲ್ಲಿ ಅರ್ಧಕ್ಕೂ ಹೆಚ್ಚು ದೂರ ಒಬ್ಬಾಕೆ ಉಸಿರಾಡಿಕೊಂಡು ಹೋಗಿ, ಉಸಿರಾಡಿಕೊಂಡು ಮನೆಗೆ ಬಂದಿದ್ದಳು.

ಮಾವ ಬಲಗೈಯಿಂದ ಮುಂದಿನ ಸೀಟಿನ ಬೆನ್ನಿಗೆ ಎರಡು ಸಲ ಬಡಿದರು. "ರೈಟ್!"

ಅವಳು ಮತ್ತೆ ಎಂಜಿನ್ ಹಚ್ಚಿದಳು. ಮೆಕ್ಯಾನಿಕ್ಕಿನ "ನಾಳೆನೂ ಹೋಗ್ಬಹುದು" ಕಿವಿಯಲ್ಲೇ ಇತ್ತು, ಅದನ್ನು ಯಾರೂ ಅಳಿಸಿರಲಿಲ್ಲ. ಮೇಷ್ಟ್ರು, "ಅವಸರ ಬೇಡ, ಅದೇ ಎಳ್ಕೊಳ್ಳುತ್ತೆ, ನೀವು ಕ್ಲಚ್ ಬಿಡ್ತಾ ಬನ್ನಿ" ಎನ್ನುತ್ತಿದ್ದರು. ಗಾಡಿ ಚರಂಡಿಯ ಗುರುತನ್ನು ದಾಟಿತು. ಮನೆಯ ಮುಂದೆ ನಿಲ್ಲಿಸಿದಾಗ ಅವಳ ಬೆನ್ನು ಒದ್ದೆಯಾಗಿತ್ತು.

ಮೇಷ್ಟ್ರು ಇಳಿದು ಕಾಲುಮಣೆ ಇಟ್ಟರು. ಮಾವ ಇಳಿದರು. ಇಳಿದವರು ಅದನ್ನೇ ನೋಡುತ್ತ ನಿಂತರು. ನಡುವೆ ಒಂದು ಪಾದದಗಲ ಮರ ಸವೆದು ನುಣುಪಾಗಿತ್ತು.

"ಮೇಷ್ಟ್ರೇ, ಗಾಡಿ ತಗೊಂಡ್ರೆ ಇದೂ ಬರುತ್ತಾ?"

ಮೇಷ್ಟ್ರು ಬಗ್ಗಿ ಕಾಲುಮಣೆಯನ್ನೆತ್ತಿ ಮಣ್ಣು ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು. "ಇದು ಗಾಡಿದಲ್ಲ ಯಜಮಾನ್ರೇ. ಇದು... ಮನೇದು."

"ಪರವಾಗಿಲ್ಲ ಬಿಡಿ" ಎಂದರು ಮಾವ, ಚಿಲ್ಲರೆಯಿಲ್ಲವೆಂದು ನೋಟನ್ನು ಹಿಂದಿರುಗಿಸುವ ಕಂಡಕ್ಟರಿನಂತೆ.

ಸೊಸೆ ಮೋಡ ನೋಡಿದಳು. ಮತ್ತೆ ಕಪ್ಪಾಗುತ್ತಿತ್ತು. ಯಾವ ಮಾತನ್ನು ಆಡಬಾರದೆಂದು ಮನೆಯಲ್ಲಿ ಗುಂಡಿ ಹಾಕುತ್ತ ಹೇಳಿಕೊಟ್ಟಿದ್ದಳೋ ಆ ಮಾತು ಅವಳ ಬಾಯಿಂದಲೇ ಬಂತು.

"ನಮಗೆ ಅವಸರ ಇದೆ ಮೇಷ್ಟ್ರೇ. ನಾಳೆ ಬೆಳಿಗ್ಗೆ ಇವರನ್ನ ಕರ್ಕೊಂಡು ಹೋಗ್ಬೇಕು. ರಾತ್ರಿ ಮಳೆ ಬಂದ್ರೆ ಆ ಕಾರಲ್ಲಿ ಇಳಿಸೋಕೆ ನನ್ನ ಕೈಲಾಗಲ್ಲ. ನಂಗೆ ಭಯ ಆಗುತ್ತೆ."

ಮೇಷ್ಟ್ರು ಕಂಕುಳಿನ ಕಾಲುಮಣೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು. ಆಮೇಲೆ ಹಿಂದಿನ ಎಡಬಾಗಿಲು ತೆರೆದು, ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿ ಅದನ್ನು ಒತ್ತಿ ಇಟ್ಟರು.

"ಇಲ್ಲೇ ಇಡಿ, ಡಿಕ್ಕಿಲಿ ಬೇಡ" ಎಂದರು. "ಡಯಾಲಿಸಿಸ್ ಆದ ಮೇಲೆ ತಲೆ ತಿರುಗ್ತಿರುತ್ತೆ. ನೀವು ಹಿಂದೆ ಹೋಗಿ ತರೋವರೆಗೂ ಅವರು ನಿಂತಿರ್ಬೇಕಾಗುತ್ತೆ."

ಗಾಡಿಯಲ್ಲೇ ಇದ್ದ ಬೀಗದ ಕೈಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಅವಳು ಮನೆಗೆ ಬಿಟ್ಟುಬರುತ್ತೇನೆಂದರೂ ಕೇಳದೆ, ಆ ಕೆಸರಿನ ಇಳಿಜಾರಿನಲ್ಲಿ ನಡೆದುಕೊಂಡೇ ಇಳಿದುಹೋದರು.