ಒಂಬತ್ತನೇ ಬೇಲಿ

ಐತವಾರ ಬೆಳಿಗ್ಗೆ ಬಾದಾಮಿ ಸ್ಟೇಶನ್ನಿನ ಎದುರು ಜೀಪು ನಿಲ್ಲಿಸಿಕೊಂಡು ಗಿರಾಕಿ ಕಾಯುವವರಲ್ಲಿ ವೀರೇಶನಿಗೆ ಇದ್ದಷ್ಟು ಹೆಸರು ಬೇರೆ ಯಾರಿಗೂ ಇರಲಿಲ್ಲ. ಕಾರಣ ಅವನ ಹುಂಬತನ. ಗುಡ್ಡದ ಅಡವಿಯಲ್ಲಿ ವಾಹನಗಳಿಗೆಂದು ಅರಣ್ಯ ಇಲಾಖೆ ಬಿಟ್ಟುಕೊಟ್ಟಿದ್ದು ಒಂದೇ ದಾರಿ. ಉಳಿದವುಗಳಿಗೆ ವಾಚರ್ ಯಮನಪ್ಪ ಜಾಲಿಮುಳ್ಳು ಕಡಿದು ಅಡ್ಡ ಹಾಕುತ್ತಿದ್ದ. ಆ ಮುಳ್ಳಿನ ಬೇಲಿಯ ಮೇಲೆ ಜೀಪು ನುಗ್ಗಿಸಿ ಚಿಂದಿ ಮಾಡುವುದೇ ವೀರೇಶನ ಆಟ. ಗಿರಾಕಿಗಳು ಕೇಕೆ ಹಾಕುತ್ತಿದ್ದರು, ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಸೋಮವಾರ ಯಮನಪ್ಪ ಮತ್ತೆ ಮುಳ್ಳು ಕಡಿಯುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ, ದಿನಗೂಲಿ, ಕೈತುಂಬ ಗೀರು. ಪಾಪ ಅನ್ನುವ ಮಾತು ವೀರೇಶನ ಹತ್ತಿರವೂ ಸುಳಿಯುತ್ತಿರಲಿಲ್ಲ ಬಿಡಿ.

ಆ ದಿನ ಹುಬ್ಬಳ್ಳಿಯ ದೀಪಕ ಇಬ್ಬರು ಗೆಳೆಯರ ಜೊತೆ ಜೀಪು ಹತ್ತಿದ. ಅಡವಿಯ ಬಾಯಲ್ಲೇ ಯಮನಪ್ಪ ಅಡ್ಡ ನಿಂತ.

"ವೀರೇಶಾ, ಎಡಗಡೆ ದಾರಿಗೆ ಹೋಗಬ್ಯಾಡಪಾ. ಮುಂದ ಹೊಲದಾಗ ಕುರಿಯವರು ಇಳದಾರ. ಮರಿ ಅದಾವು, ಮಂದಿ ಅದಾರ."

"ಹೋದ ವಾರ ಚಿರತಿ ಬಂದೈತಿ ಅಂದಿ. ಈ ವಾರ ಕುರಿ ಬಂದುವೇನು? ಸುಳ್ಳಿಗೂ ಒಂದು ಮಿತಿ ಬ್ಯಾಡೇನ ಕಾಕಾ?"

"ಚಿರತಿ ಸುಳ್ಳು, ಖರೆ. ಇದು ಸುಳ್ಳಲ್ಲೋ. ಬಿಟ್ಟ ದಾರಿ ಐತಲ್ಲ, ಅಲ್ಲಿ ಹೋಗು."

"ಆ ದಾರ್ಯಾಗ ಎತ್ತಿನ ಬಂಡಿನೂ ಹೋಗ್ತೈತಿ. ಅದನ್ನ ನೋಡಾಕ ಹುಬ್ಬಳ್ಳಿಯಿಂದ ಯಾರ ಬರ್ತಾರ? ನಿನಗ ಸರಕಾರದ ಪಗಾರ ಐತಿ, ನಾ ಏನು ಮಣ್ಣು ತಿನ್ನಲಿ?"

"ನಿನ್ನ ಹೊಟ್ಟಿ ಮ್ಯಾಲ ಹೊಡಿಯೂದು ನನಗೂ ಬ್ಯಾಡೋ ತಮ್ಮಾ," ಎನ್ನುತ್ತ ಮುದುಕ ಕೈ ಹಾಕಿ ಸ್ಟೇರಿಂಗ್ ಹಿಡಿದ. ವೀರೇಶನ ತಲೆ ಕೆಟ್ಟಿತು. ಇಳಿದವನೇ ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದಿದ. ಎರಡನೇ ಗುದ್ದಿಗೆ ಹಲ್ಲು ಮುರಿದು ಯಮನಪ್ಪ ತಾನೇ ಕಡಿದು ದಾರಿ ಬದಿಗೆ ಒಟ್ಟಿದ್ದ ಮುಳ್ಳಿನಲ್ಲಿ ಬಿದ್ದ. "ಭಾರಿ ಕೊಟ್ಟಿ ಲೇ!" ಎಂದು ದೀಪಕ ನಕ್ಕ. ನಗುವಂಥದ್ದೇನಿತ್ತೋ, ಆ ಪುಣ್ಯಾತ್ಮನಿಗೇ ಗೊತ್ತು.

ಎಡದಾರಿ ಅರ್ಧ ಮೈಲಿ ಅಡವಿ ಹಾಯ್ದು ಹೊಲಕ್ಕೆ ಬೀಳುತ್ತದೆ. ಕೊನೆಯ ತಿರುವು ದಾಟಿದೊಡನೆ ಎದೆಯೆತ್ತರದ ಮುಳ್ಳುಬೇಲಿ ಕಂಡಿತು. ಇದೂ ಮುದುಕನದೇ ಕೆಲಸ ಅಂದುಕೊಂಡ ವೀರೇಶ. "ಹೊಡಿ, ಹೊಡಿ!" ಎಂದು ದೀಪಕ ಕೂಗಿದ. ವೀರೇಶ ಎಕ್ಸಲರೇಟರ್ ತುಳಿದ.

ಅದು ಯಮನಪ್ಪನ ಬೇಲಿಯಲ್ಲ. ಹಿಂಡು ಮೇಯಲು ಹೋದಾಗ ಕುರಿಗಾರರು ಹಸಿಮರಿಗಳನ್ನು ಮುಳ್ಳಿನ ದೊಡ್ಡಿಯೊಳಗೆ ಬಿಟ್ಟು ಹೋಗುತ್ತಾರೆ. ಒಳಗೆ ಕುಳಿತು ಕುರಿಗಾರರ ಹೆಂಗಸು ಮುತ್ತವ್ವ ಬಡಕಲು ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದಳು. ಚಕ್ರದ ಕೆಳಗೆ ಮರಿಗಳ ಎಲುಬು ಮುರಿದ ಸಪ್ಪಳ, ಅದರ ಮೇಲೆ ಹೆಂಗಸಿನ ಚೀರಾಟ. ಜೀಪು ನಿಂತಾಗ ಮುತ್ತವ್ವನ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿ ಹೋಗಿತ್ತು. ಹನ್ನೊಂದು ಮರಿಗಳು ರಕ್ತದಲ್ಲಿ ಬಿದ್ದಿದ್ದವು. ಒಂದು ಇನ್ನೂ ಒದ್ದಾಡುತ್ತಿತ್ತು.

ಹೊಲದ ಆಚೆಯಿಂದ ಕುರಿಗಾರರು ಓಡಿ ಬಂದರು. ಮೊದಲ ಬಡಿಗೆ ವೀರೇಶನ ಬೆನ್ನಿಗೆ, ಎರಡನೆಯದು ತಲೆಗೆ. ಮುತ್ತವ್ವನ ಮಗ ಅಂದಾನಪ್ಪ ಕೊಡಲಿ ಎತ್ತಿದ. "ಇವನ ಕಾಲೂ ಹಂಗ ಮಾಡ್ತೇನಿ, ಬಿಡ್ರಿ ನನ್ನ!"

ಕೊಡಲಿಯ ಕಾವಿಗೆ ಜೋತುಬಿದ್ದು ತಡೆದವನು ಯಮನಪ್ಪ. ಬಾಯಿಯ ರಕ್ತ ಒರೆಸಿಕೊಳ್ಳದೆ ಜೀಪಿನ ಹಿಂದೆಯೇ ಓಡಿ ಬಂದಿದ್ದ. "ಕಡಿಯೂದು ಆಮ್ಯಾಲ. ಮೊದಲ ನಿಮ್ಮವ್ವನ್ನ ದವಾಖಾನಿಗೆ ಒಯ್ಯೂಣು. ಅಕಿ ಸಾಯ್ತಾಳೋ!"

ಅದೇ ಜೀಪಿನಲ್ಲಿ ಒಯ್ದರು. ಕಾಲು ತೆಗೆಯಲೇಬೇಕು ಅಂದರು ಡಾಕ್ಟರು. ಹೊರಗಿನ ಕಟ್ಟೆಯ ಹತ್ತಿರ ಪೊಲೀಸರೂ ಅರಣ್ಯದ ಸಾಹೇಬರೂ ಬಂದಾಗ ದೀಪಕ ತಣ್ಣಗೆ ಹೇಳಿದ: "ವಾಚರ್ ನಮಗ ಏನೂ ಹೇಳಲೇ ಇಲ್ರಿ. ಕುಡದು ಬಿದ್ದಿದ್ದ. ಬಾಯಿ ಒಡಕೊಂಡಿದ್ದೂ ಹಂಗ." ಆಮೇಲೆ ವೀರೇಶನ ಕಿವಿಯಲ್ಲಿ, "ನೀನೂ ಇದನ್ನ ಹೇಳು. ವಕೀಲರನ್ನ ನಾ ನೋಡ್ಕೊಳ್ತೇನಿ," ಅಂದ.

ಸಾಹೇಬರು ಯಮನಪ್ಪನತ್ತ ತಿರುಗಿದರು. "ಹೌದೇನ? ಹಂಗಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ. ನಿನ್ನ ಮ್ಯಾಲೂ ಕೇಸ್ ಆಗ್ತೈತಿ."

"ಹೇಳೇನ್ರಿ ಸಾಹೇಬ್ರ. ಕೈ ಮುಗದು ಹೇಳೇನಿ."

"ಸಾಕ್ಷಿ ಯಾರು?"

ಯಮನಪ್ಪ ವೀರೇಶನ ಕಡೆ ನೋಡಲೂ ಇಲ್ಲ. ಅವನಿಂದ ಏನು ತಾನೇ ನಿರೀಕ್ಷಿಸುವುದು?

ಬಚಾವಾಗಲು ವೀರೇಶನಿಗೆ ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಕೊಡಲಿಯಿಂದ ತನ್ನನ್ನು ಉಳಿಸಿದ ಮುದುಕನ ಗದ್ದದ ಮೇಲೆ, ತನ್ನ ಗುದ್ದಿಗೆ ಹರಿದ ರಕ್ತ ಒಣಗಿ ಅಂಟಿದ್ದುದು ಕಣ್ಣಿಗೆ ಬಿತ್ತು. ಬದುಕಿನಲ್ಲಿ ಮೊದಲ ಸಲ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ನಾ ಸಾಕ್ಷಿ ರೀ," ಎಂದ. "ಮರಿ ಅದಾವು, ಮಂದಿ ಅದಾರ ಅಂತ ಕಾಕಾ ಬಿಡಿಸಿ ಹೇಳಿದ್ರು. ಅವರ ಹಲ್ಲು ಮುರದಾಂವ ನಾನ. ಬೇಲಿ ನನಗ ಕಂಡಿತ್ತು. ಕಂಡೂ ಹೊಡದೆ."

"ಜೇಲಿಗೆ ಹೋಗ್ತಿ ಲೇ, ಹುಚ್ಚಾ!" ದೀಪಕ ಅವನ ಅಂಗಿ ಜಗ್ಗಿದ.

"ಹೋಗ್ತೇನಿ." ವೀರೇಶ ಕೈ ಕಿತ್ತುಕೊಂಡ. "ಸಾಹೇಬ್ರ, ಇದು ಮೊದಲನೇದಲ್ಲ. ಒಂಬತ್ತನೇ ಬೇಲಿ. ಎಂಟೂ ಸಲ ಬೇಲಿ ಹಿಂದ ಯಾರೂ ಇರಲಿಲ್ಲ, ಅಷ್ಟ. ಬರಕೊಳ್ರಿ."

ಒಳಗಿನಿಂದ ಮುತ್ತವ್ವನ ಚೀರಾಟ ಕೇಳಿಸಿತು. ಬರೆಯುತ್ತಿದ್ದ ಪೇದೆಯ ಕೈ ನಿಂತಿತು.

"ನಿಲ್ಲಬ್ಯಾಡ್ರಿ," ಎಂದ ವೀರೇಶ. "ಬರೀರಿ."