ಮಂಗಟ್ಟೆಯ ಪೊಟರೆ

ಶರಾವತಿಯ ಆಚೆ ದಡದ ಕೇರಿಯಲ್ಲಿ ಸೆವ್ರಿನ್ ಬಾಯಿ ಇಪ್ಪತ್ತೆರಡು ವರ್ಷಗಳಿಂದ ಇಗರ್ಜಿಯ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ಕಲಿಸುತ್ತಿದ್ದಳು. ಪ್ರೀತಿಯ ಪಾಠ ಬಂದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಹೆಜ್ಜಾರ್ಲೆ ಹಕ್ಕಿಯ ಕಥೆ. ಬರಗಾಲದಲ್ಲಿ ಮರಿಗಳಿಗೆ ಕೊಡಲು ಏನೂ ಸಿಗದೆ ತಾಯಿಹಕ್ಕಿ ತನ್ನ ಎದೆಯನ್ನೇ ಕೊಕ್ಕಿನಿಂದ ಸೀಳಿ ರಕ್ತ ಕುಡಿಸಿತಂತೆ. ಯೇಸುಸ್ವಾಮಿ ನಮಗಾಗಿ ಮಾಡಿದ್ದೂ ಅದನ್ನೇ ಎಂದು ಅವಳು ಕಥೆ ಮುಗಿಸುತ್ತಿದ್ದಳು.

ಈ ವರ್ಷ ಕಥೆ ಮುಗಿಯುವ ಮೊದಲೇ ಏಳನೇ ತರಗತಿಯ ಪ್ರಿಸ್ಕಾ ಎದ್ದು ನಿಂತಳು.

"ಅಕ್ಕೋರೇ, ಅದು ಸುಳ್ಳಂತೆ. ನಮ್ಮ ವಿಜ್ಞಾನದ ಸರ್ ಹೇಳಿದ್ರು. ಹೆಜ್ಜಾರ್ಲೆ ಎದೆಗಿದೆ ಎಂತದೂ ಸೀಳೂದಿಲ್ಲ. ಗಂಟಲ ಚೀಲದಲ್ಲಿ ಮೀನು ತಂದು ಕೊಡ್ತದೆ, ಅಷ್ಟೇ."

ಸೆವ್ರಿನ್‌ಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಅವಳಲ್ಲಿ ಇರಲಿಲ್ಲ. "ಆತು, ಕೂತ್ಕೋ" ಎಂದಳು. ಆ ದಿನ ಹತ್ತು ನಿಮಿಷ ಮೊದಲೇ ಮಕ್ಕಳನ್ನು ಮನೆಗೆ ಕಳಿಸಿದಳು.

ಮನೆಯಲ್ಲಿ ವೈನಿ ಇದ್ದಳು; ಅಣ್ಣನ ಹೆಂಡತಿ ನತಾಲಿನ್. ಅಣ್ಣ ತೀರಿಹೋಗಿ ಹನ್ನೊಂದು ವರ್ಷ. ನಾಲ್ಕು ವರ್ಷಗಳ ಹಿಂದೆ ನತಾಲಿನ್‌ಗೆ ಪಾರ್ಶ್ವವಾಯು ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಮಕ್ಕಳಿರಲಿಲ್ಲ. ಮದುವೆಯಾಗದೆ ಅದೇ ಮನೆಯಲ್ಲಿ ಉಳಿದಿದ್ದ ಸೆವ್ರಿನ್‌ಳ ಪಾಲಿಗೆ ವೈನಿಯ ಆರೈಕೆ ಬಂತು. ಅವರಿಬ್ಬರ ನಡುವೆ ದೊಡ್ಡ ಜಗಳವೇನೂ ಎಂದೂ ನಡೆದಿರಲಿಲ್ಲ. ದೊಡ್ಡ ಪ್ರೀತಿಯೂ ಇರಲಿಲ್ಲ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬೇರೆ ಬೇರೆ ಕಪಾಟು ಇಟ್ಟುಕೊಂಡು ಬಾಳಿದ ಹೆಂಗಸರು ಅವರು.

ಎತ್ತಿ ಕೂರಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು. ಇವುಗಳ ನಡುವೆ ಹೊಲಿಗೆ ಯಂತ್ರದ ಮುಂದೆ ಕೂತು ಊರವರ ರವಿಕೆ ಹೊಲಿಯುವುದು. ಸಂಜೆಯ ಜಪಕ್ಕೆ ಕೂತರೆ ಮೂರನೇ ಮಣಿಗೇ ಕಣ್ಣು ಮುಚ್ಚಿಹೋಗುತ್ತಿತ್ತು. ಅದರ ಮೇಲೆ ನತಾಲಿನ್ ಕೆಲವು ತಿಂಗಳಿಂದ ಹೊಸ ಹಟ ಹಿಡಿದಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಚಹಾ ಕೊಟ್ಟರೂ ಬಲಗೈಯಿಂದ ಲೋಟ ದೂಡುತ್ತಿದ್ದಳು. ಉರಿಮೂತ್ರವಾಗಿ ಎರಡು ಸಲ ಜ್ವರ ಬಂತು. "ನೀರು ಕುಡಿಸೂದಿಲ್ವಾ ನೀವು?" ಎಂದು ಡಾಕ್ಟರು ಸೆವ್ರಿನ್‌ಗೇ ಬೈದರು. ತನ್ನನ್ನು ಬೈಸಲಿಕ್ಕೆಂದೇ ವೈನಿ ಹೀಗೆ ಮಾಡುತ್ತಾಳೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದನ್ನು ಪಾಪನಿವೇದನೆಯಲ್ಲಿ ಹೇಳಿಯೂ ಆಗಿತ್ತು. ಆಮೇಲೂ ಹಾಗೇ ಅನ್ನಿಸುತ್ತಿತ್ತು.

ಈಸ್ಟರ್ ಕಳೆದ ಮೇಲೆ ಫಾದರ್ ಇನಾಸ್ ಮಕ್ಕಳನ್ನು ಗೇರುಸೊಪ್ಪೆಯ ಕಾಡಿಗೆ ಕರೆದೊಯ್ಯುವ ಏರ್ಪಾಡು ಮಾಡಿದರು.

"ನನಗೆ ಆಗೂದಿಲ್ಲ ಫಾದರ್, ವೈನಿಯನ್ನ ಬಿಟ್ಟು ಬರ್ಲಿಕ್ಕೆ."

"ಇಪ್ಪತ್ತಾರು ಮಕ್ಕಳನ್ನ ನಾನೊಬ್ಬ ಹಿಡಿಲಿಕ್ಕೂ ಆಗೂದಿಲ್ಲ. ಒಂದು ದಿನ ಯಾರನ್ನಾದ್ರೂ ಕೇಳಿ."

ಯಾರನ್ನೂ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಪಕ್ಕದ ಮನೆಯ ದೇವಿಯನ್ನು ಕೇಳಿದಳು. ದೇವಿ ಬಸಳೆ, ಹರಿವೆ ಬೆಳೆದು ಸಂತೆಗೆ ಒಯ್ಯುವವಳು. "ಇದನ್ನ ಕೇಳ್ಲಿಕ್ಕೆ ನಾಲ್ಕು ವರ್ಷ ಬೇಕಾಯ್ತಾ ನಿಂಗೆ?" ಎಂದು ಒಪ್ಪಿಕೊಂಡಳು.

ಕಾಡಿನಲ್ಲಿ ಅರಣ್ಯ ಇಲಾಖೆಯ ಕಾವಲುಗಾರ ದುರ್ಗ ಅವರನ್ನು ಒಂದು ದೊಡ್ಡ ಮರದ ಹತ್ತಿರ ಕರೆದೊಯ್ದ. ಮೇಲೆ ಕಾಂಡದಲ್ಲಿ ಒಂದು ಪೊಟರೆ. ಅದರ ಬಾಯಿಯನ್ನು ಮಣ್ಣು, ಹಿಕ್ಕೆಯಿಂದ ಮೆತ್ತಿ ಮುಚ್ಚಲಾಗಿತ್ತು. ಬೆರಳಗಲದ ಒಂದು ಸೀಳು ಮಾತ್ರ ಉಳಿದಿತ್ತು.

"ಮಂಗಟ್ಟೆ ಹಕ್ಕಿ ಗೂಡು. ಒಳಗೆ ಹೆಣ್ಣುಂಟು, ಮರಿ ಉಂಟು. ಗಂಡು ಹಣ್ಣು ತರ್ಲಿಕ್ಕೆ ಹೋಗಿದೆ. ಸದ್ದು ಮಾಡ್ದೆ ಕೂತ್ರೆ ಬತ್ತದೆ."

ದೂರದ ಪೊದೆಯ ಮರೆಯಲ್ಲಿ ಎಲ್ಲರೂ ಕೂತರು. ಸೆವ್ರಿನ್ ಒಂದು ಬೇರಿಗೆ ಒರಗಿದಳು. ಕೂತ ಎರಡು ನಿಮಿಷಕ್ಕೆ ಅವಳಿಗೆ ನಿದ್ದೆ ಬಂತು. ಮಕ್ಕಳು ಅವಳನ್ನು ನೋಡಿ ನಗಲು ಹೊರಟಾಗ ಫಾದರ್ ತುಟಿಯ ಮೇಲೆ ಬೆರಳಿಟ್ಟರು. ಹಕ್ಕಿಗಾಗಿ ಸುಮ್ಮನಿರದ ಮಕ್ಕಳು ಅವಳ ನಿದ್ದೆಗಾಗಿ ಮುಕ್ಕಾಲು ಗಂಟೆ ಸುಮ್ಮನೆ ಕೂತರು.

ಚಾಪೆ ಕೊಡವಿದಂಥ ಸದ್ದಿಗೆ ಅವಳಿಗೆ ಎಚ್ಚರವಾಯಿತು. ದೊಡ್ಡ ಹಳದಿ ಕೊಕ್ಕಿನ ಹಕ್ಕಿ ಪೊಟರೆಗೆ ಜೋತು ನಿಂತಿತ್ತು. ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು ಸೀಳಿನೊಳಗೆ ಕೊಡುತ್ತಿತ್ತು. ಒಳಗಿನಿಂದ ಇನ್ನೊಂದು ಕೊಕ್ಕು ಬಂದು ತೆಗೆದುಕೊಳ್ಳುತ್ತಿತ್ತು. ಕೊಟ್ಟು ಮುಗಿಸಿ ಹಕ್ಕಿ ಹಾರಿಹೋಯಿತು.

"ದಿನಕ್ಕೆ ಎಷ್ಟು ಸಲ ಬತ್ತದೆ?" ಸೆವ್ರಿನ್ ಕೇಳಿದಳು.

"ಲೆಕ್ಕ ಇಟ್ಟವರು ಯಾರು ಅಕ್ಕೋರೇ? ಫೆಬ್ರವರಿಯಿಂದ ಇದೇ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಆ ಕೊಂಬೆ ಮೇಲೆ ಬಾಯಿ ತೆರ್ಕೊಂಡು ಕೂತಿರ್ತದೆ. ಆಮೇಲೆ ಮತ್ತೆ ಹೋಗ್ತದೆ."

"ಒಳಗಿದ್ದದ್ದಕ್ಕೆ ಆರಾಮ. ಕೂತಲ್ಲೇ ಊಟ," ಎಂದಳು ಪ್ರಿಸ್ಕಾ. ಸೆವ್ರಿನ್‌ಗೂ ಹಾಗೇ ಅನ್ನಿಸಿತ್ತು.

ದುರ್ಗ ತಲೆ ಅಲ್ಲಾಡಿಸಿದ. "ಎಂತ ಆರಾಮ ಮಗಾ? ಒಳಗಿಂದ ಬಾಗಿಲು ಮುಚ್ಕೊಂಡದ್ದು ಆ ಹೆಣ್ಣೇ. ಒಳಗೆ ಕೂತ ಮೇಲೆ ರೆಕ್ಕೆಗರಿ ಎಲ್ಲ ಉದುರಿ ಹೋಗ್ತವೆ, ಹಾರ್ಲಿಕ್ಕೂ ಬತ್ತಿಲ್ಲ. ಆ ಕತ್ತಲೆಲಿ ಕೂತು, ಇವ ಬಂದೇ ಬತ್ತಾ ಅಂತ ನಂಬ್ಕೊಂಡು ಇರೂದು ಸುಲಭ ಅಲ್ಲ."

"ಮಕ್ಕಳಿಗೆ ಒಂದೆರಡು ಮಾತು ಹೇಳಿ ಬಾಯಿ, ಇವತ್ತಿನ ಪಾಠ ಇದೇ ಆಗ್ಲಿ" ಎಂದರು ಫಾದರ್. ಸೆವ್ರಿನ್ ಎದ್ದು ಸೀರೆಗೆ ಅಂಟಿದ ಎಲೆ ಕೊಡವಿಕೊಂಡಳು. "ನೋಡಿದ್ರಲ್ಲ, ಸಾಕು" ಎಂದಳು.

ಸಂಜೆ ಮನೆಗೆ ಬಂದಾಗ ದೇವಿ ಜಗಲಿಯಲ್ಲೇ ಅವಳನ್ನು ತಡೆದು ನಿಲ್ಲಿಸಿದಳು.

"ಸೆವ್ರಿನಾ, ನಿನ್ನ ವೈನಿ ನೀರು ಎಂತಕ್ಕೆ ಕುಡಿಯೂದಿಲ್ಲ ಗೊತ್ತುಂಟಾ ನಿಂಗೆ?"

"ಹಟ."

"ಹಟ ಅಲ್ಲ. ನಾನು ಕೊಟ್ರೂ ಬೇಡ ಅಂದ್ಳು. ಬಿಡ್ಲಿಲ್ಲ ನಾನು, ಬೈದೆ. ಆಮೇಲೆ ಹೇಳಿದ್ಳು. ಸಂಜೆ ನೀರು ಕುಡಿದ್ರೆ ಮಲಗಿದ ಮೇಲೆ ಮೂತ್ರಕ್ಕೆ ನಿನ್ನನ್ನ ಎಬ್ಬಿಸ್ಬೇಕಾಗ್ತದಂತೆ. 'ಅವ್ಳು ನಿದ್ದೆ ಮಾಡ್ಲಿ, ಬೇರೆ ಎಂತ ಕೊಡ್ಲಿಕ್ಕಾಗ್ತದೆ ನನ್ಕೈಲಿ' ಅಂದ್ಳು."

ಸೆವ್ರಿನ್ ಚಪ್ಪಲಿ ಕಳಚಲು ಬಗ್ಗಿದವಳು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎಂಟು ತಿಂಗಳ ಆ ಲೋಟಗಳು, ತಾನು ಕುಕ್ಕಿ ಇಟ್ಟದ್ದು, ಆಡಿದ ಮಾತು ಎಲ್ಲ ನೆನಪಾದವು. ಅಳು ಬರಲಿಲ್ಲ.

ಆಮೇಲೆ ಎದ್ದು ಒಳಗೆ ಹೋಗಿ ಬಿಸಿನೀರು ತಂದಳು. ನತಾಲಿನ್‌ಳ ತಲೆ ಎತ್ತಿ ಹಿಡಿದಳು.

"ಕುಡಿ ವೈನಿ."

"ಬೇಡ."

"ದೇವಿ ಹೇಳಿದ್ಳು ನಂಗೆ."

ನತಾಲಿನ್‌ಳ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮಾತು ತೊದಲಿ ಬಂತು. "ಅವ್ಳ ಬಾಯಲ್ಲಿ ಎಂತದೂ ನಿಲ್ಲೂದಿಲ್ಲ."

"ನಿಂಗೆ ಜ್ವರ ಬಂದ್ರೆ ನಾನು ಮೂರು ದಿನ ನಿದ್ದೆ ಕೆಡ್ಬೇಕು. ಅದಕ್ಕಿಂತ ಎರಡು ಸಲ ಏಳೂದು ವಾಸಿ. ಕುಡಿ. ನಂಗೆ ಸಾಕಾಗಿದೆ ವೈನಿ, ಸುಳ್ಳು ಹೇಳೂದಿಲ್ಲ. ಆದ್ರೂ ಕುಡಿ."

ಇಷ್ಟು ವರ್ಷಗಳಲ್ಲಿ ಸಾಕಾಗಿದೆ ಎಂಬ ಮಾತನ್ನು ಅವಳು ವೈನಿಯ ಎದುರು ಆಡಿದ್ದು ಅದೇ ಮೊದಲು. ನತಾಲಿನ್ ಅರ್ಧ ಲೋಟ ಕುಡಿದಳು. ಉಳಿದದ್ದು ಕುತ್ತಿಗೆಯ ಮೇಲೆ ಹರಿಯಿತು. ಸೆವ್ರಿನ್ ಸೆರಗಿನಲ್ಲಿ ಒರೆಸಿದಳು.

ಎರಡು ವಾರಗಳಲ್ಲಿ ಉರಿಮೂತ್ರ ಕಡಿಮೆಯಾಯಿತು. ಸೆವ್ರಿನ್‌ಳ ದಣಿವು ಕಡಿಮೆಯಾಗಲಿಲ್ಲ, ರಾತ್ರಿ ಏಳುವುದು ಹೆಚ್ಚಿತು. ಒಂದು ಭಾನುವಾರ ಎಚ್ಚರವೇ ಆಗದೆ ಪೂಜೆಯೂ ತಪ್ಪಿತು, ಪಾಠವೂ ತಪ್ಪಿತು. ಫಾದರ್ ಅದರ ಬಗ್ಗೆ ಏನೂ ಕೇಳಲಿಲ್ಲ. ಈಗ ಗುರುವಾರ ಮಧ್ಯಾಹ್ನ ದೇವಿ ಬಂದು ನತಾಲಿನ್‌ಳ ಹತ್ತಿರ ಕೂತು ಸೊಪ್ಪು ಬಿಡಿಸುತ್ತಾಳೆ. ಬೇರುಗಳನ್ನು ಬಲಗೈಯಲ್ಲಿ ಮುರಿದು ಕೊಡುವುದು ನತಾಲಿನ್‌ಳ ಕೆಲಸ. ಒಳಗಿನ ಕೋಣೆಯಲ್ಲಿ ಸೆವ್ರಿನ್ ಮಲಗಿರುತ್ತಾಳೆ.