ಪುರಟ್ಟಾಸಿ ತಿಂಗಳ ಮೀನಿನ ಮೊಟ್ಟೆ

ತನ್ನ ಊಟಕ್ಕೆ ಮೀನನ್ನು ಕೊಲ್ಲದೆ ತೆಗೆದ ಮೊಟ್ಟೆಯೇ ಆಗಬೇಕೆಂದು ವಿದೇಶದ ಖರೀದಿದಾರ ಮೊದಲೇ ಬರೆದಿದ್ದ. ತಿರುಪ್ಪೂರಿನ ಆ ಬನಿಯನ್ ಕಾರ್ಖಾನೆಯಲ್ಲಿ ಅತಿಥಿಗಳ ಉಸ್ತುವಾರಿ ಹಾಸನದ ಧನಶ್ರೀಯದು. ವಾರವಿಡೀ ಫೋನಿಗೆ ಅಂಟಿಕೊಂಡು ಮುಂಬೈಯಿಂದ ಅಂಗೈಯಗಲದ ಒಂದು ಡಬ್ಬಿ ಕ್ಯಾವಿಯರ್, ಅಂದರೆ ಅಂಥದೇ ಮೀನಿನ ಮೊಟ್ಟೆ, ತರಿಸಿದಳು. ಜೊತೆಗೆ ನಾಲ್ಕು ಪುಟದ ಪ್ರಮಾಣಪತ್ರ. ಮೀನಿನ ಹೊಟ್ಟೆಯನ್ನು ಮೆತ್ತಗೆ ನೀವಿ ಮೊಟ್ಟೆ ತೆಗೆಯುತ್ತಾರಂತೆ, ಆಮೇಲೆ ಬೇರೆ ಕೊಳಕ್ಕೆ ಬಿಟ್ಟು ತಿಂಗಳುಗಟ್ಟಲೆ ವಿಶ್ರಾಂತಿ ಕೊಡುತ್ತಾರಂತೆ. ಪುಣ್ಯ ಮಾಡಿದ ಮೀನು!

ಡಬ್ಬಿ ಬಂದದ್ದು ತಮಿಳರ ಪುರಟ್ಟಾಸಿಯಲ್ಲಿ. ಪೆರುಮಾಳ್ ದೇವರ ವ್ರತದ ತಿಂಗಳು, ಯಜಮಾನ ಸೋಮಸುಂದರಂ ಅವರ ಮನೆಯಲ್ಲಾಗಲಿ ಕಾರ್ಖಾನೆಯ ಅಡುಗೆಮನೆಯಲ್ಲಾಗಲಿ ಮೀನು ಮಾಂಸದ ಹೆಸರೆತ್ತುವಂತಿಲ್ಲ. ಆರ್ಡರ್ ಕೊಡುವ ದೊರೆಗೆ ಮಾತ್ರ ಆ ವ್ರತವಿಲ್ಲ.

"ಔಷಧಿ ರೂಮಿನ ಫ್ರಿಜ್ಜಲ್ಲಿಡು. ಯಾರೂ ಮುಟ್ಟದ ಹಾಗೆ ಬೀಗ ಹಾಕು," ಎಂದರು ಯಜಮಾನರು.

ಧನಶ್ರೀ ರೂಮಿಗೇ ಬೀಗ ಹಾಕಿ, ಕೀಲಿಯನ್ನು ಚೀಲಕ್ಕಿಳಿಸಿ, ಅತಿಥಿಯನ್ನು ಕರೆತರಲು ಕೊಯಮತ್ತೂರಿಗೆ ಹೊರಟಳು. ಬೆಳಿಗ್ಗೆ ಕೊಟ್ಟ ಮಾತು ತಲೆಯಿಂದ ಪೂರಾ ಹಾರಿಹೋಗಿತ್ತು.

ಮಾತು ಕೊಟ್ಟದ್ದು ಪೊನ್ನಮ್ಮನಿಗೆ. ಪಕ್ಕದ ಪಲ್ಲಡದಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡದ ಮನೆಯವಳು, ಬಟ್ಟೆ ತಪಾಸಣೆಯ ಮೇಸ್ತ್ರಿ. ಊರು ಬಿಟ್ಟು ಬಂದ ಹುಡುಗಿಗೆ ಎರಡು ವರ್ಷದಿಂದ ಸಾರು, ಮಜ್ಜಿಗೆ, ಮನೆಮಾತು ಎಲ್ಲ ಅವಳೇ. ಅವಳ ಕೈಕೆಳಗೇ ಕೆಲಸ ಮಾಡುತ್ತಿದ್ದ ಸೊಸೆ ಸೆಲ್ವಿಗೆ ಆಗ ಐದು ತಿಂಗಳ ಬಸುರು. ದಿನವಿಡೀ ಮೇಜಿನ ಮುಂದೆ ನಿಂತು ಕಾಲು ಬಾತಿತ್ತು. ಮಧ್ಯಾಹ್ನ ಔಷಧಿ ರೂಮಿನ ಮಂಚದ ಮೇಲೆ ಒಂದು ಗಂಟೆ ಮಲಗಲಿ ಎಂದು ಪೊನ್ನಮ್ಮ ಕೇಳಿದ್ದಳು. "ಅದಕ್ಕೇನಂತೆ ಪೊನ್ನಕ್ಕ, ಬಾಗಿಲು ತೆಗೆದೇ ಇರುತ್ತೆ," ಎಂದಿದ್ದಳು ಧನಶ್ರೀ.

ನಾಲ್ಕು ಗಂಟೆಗೆ ಅವಳು ಅತಿಥಿಯೊಡನೆ ಬಂದಿಳಿದಾಗ ಪೊನ್ನಮ್ಮ ಬೀಗದ ಬಾಗಿಲ ಮುಂದೆ ನಿಂತಿದ್ದಳು.

"ಅವಳ್ಗೆ ತಲೆ ಸುತ್ತಿ ಮಯಕ್ಕ ಬಂತು ಮಗಾ. ಕರ್ಕಂಡ್ ಬಂದ್ರೆ ಬೀಗ. ಬೀಗದ್ ಸಾವಿ ನಿನ್ತಾವ ಐತೆ ಅಂದ್ರು. ಪೋನ್ ಮಾಡ್ದೆ, ನೀ ಎತ್ಲಿಲ್ಲ. ಮೆಟ್ಲಲ್ಲಿ ಕೂತ್ಕೊ ಅಂದೆ, ಅಲ್ಲಿಂದ ಉರುಳ್‌ಬುಟ್ಳು. ಈಗ್ತಾನೆ ಆಸ್ಪತ್ರೆಗೆ ಒಯ್ದವ್ರೆ, ನಾ ಆಟೋಗೆ ಕಾಯ್ತಿವ್ನಿ."

ದಾರಿಯುದ್ದಕ್ಕೂ ಫೋನನ್ನು ಸದ್ದಿಲ್ಲದಂತೆ ಮಾಡಿಟ್ಟಿದ್ದು ಧನಶ್ರೀಗೆ ನೆನಪಾಯಿತು.

"ಒಳ್ಗೆ ಏನಿಟ್ಟಿದ್ದೆ?"

"ಮೀನಿನ ಮೊಟ್ಟೆ."

"ಪುರಟ್ಟಾಸೀಲಾ?" ಎಂದಳು ಪೊನ್ನಮ್ಮ. ಬಂದು ನಿಂತ ಆಟೋ ಹತ್ತಿದಳು.

ಧನಶ್ರೀಯೂ ಆಟೋ ಹತ್ತಬಹುದಿತ್ತು. ಹತ್ತಲಿಲ್ಲ. ಊಟದ ಹೊತ್ತಿಗೆ ಖರೀದಿದಾರ ಪ್ರಮಾಣಪತ್ರ ತಿರುವಿ, ಮೀನಿಗೆ ನೋವಾಗುವುದಿಲ್ಲ ತಾನೆ ಎಂದು ಕೇಳಿದ. ಇಲ್ಲ ಎಂದು ಅವಳು ನಗುತ್ತಲೇ ಹೇಳಿದಳು. ಆಸ್ಪತ್ರೆಯಿಂದ ಸುದ್ದಿ ಬಂದಾಗ ಅವನಿನ್ನೂ ತಿನ್ನುತ್ತಿದ್ದ. ಮಗು ಉಳಿಯಲಿಲ್ಲ.

ಹತ್ತು ದಿನ ಕಳೆದು ಪೊನ್ನಮ್ಮ ಕೆಲಸಕ್ಕೆ ಬಂದಳು. ಬೈದರೆ ಬೈಸಿಕೊಳ್ಳೋಣ, ಹೊಡೆದರೂ ಸರಿಯೇ ಎಂದು ಧನಶ್ರೀ ಓಡಿಹೋಗಿ, "ಪೊನ್ನಕ್ಕಾ" ಎಂದಳು.

ಪೊನ್ನಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಆಫೀಸಿನವರ ಮುಂದೆ ನಿಲ್ಲುವ ಹಾಗೆ ಎದ್ದು ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ ಅವಳೊಡನೆ ಮನೆಮಾತು ಬಿಟ್ಟು, ಏನು ಹೇಳಿ ಎಂದು ತಮಿಳಿನಲ್ಲಿ, ಬಹುವಚನದಲ್ಲಿ ಕೇಳಿದಳು.

"ಸೊಲ್ಲುಂಗ, ಮೇಡಂ."